ಎಲೆಯ ತುದಿಯ ಉಪ್ಪು

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆಯನ್ನು ಏರಿದವರು ನಾಡು, ನುಡಿ, ಇತಿಹಾಸ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಕದಂಬರಿಂದ ಹಿಡಿದು ಏಕೀಕರಣದವರೆಗಿನ ಕಥೆಯನ್ನು ನಮಗಿಂತ ಬಲ್ಲವರು ಇದೇ ವೇದಿಕೆಯಿಂದ ಅನೇಕ ಸಲ ಹೇಳಿದ್ದಾರೆ. ಆದುದರಿಂದ ಈ ಹೊತ್ತು ನಾವು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಅಡಿಗೆಯವರು ತಮ್ಮ ಕೆಲಸವನ್ನು ಮುಗಿಸಿ ಬಡಿಸಿದ ಮೇಲೆ, ಉಣ್ಣಲು ಕುಳಿತವನು ತನ್ನ ಕೈಯಿಂದ ಒಂದಿಷ್ಟು ಉಪ್ಪನ್ನೊ, ಹುಳಿಯನ್ನೊ, ಖಾರವನ್ನೊ ಬೆರೆಸಿಕೊಳ್ಳುತ್ತಾನಲ್ಲ, ಆ ವಿಷಯ. ಒಗ್ಗರಣೆಯ ಮಾತಲ್ಲ, ಒಗ್ಗರಣೆ ಅಡಿಗೆಮನೆಯದು. ನಾವು ಹೇಳಹೊರಟಿರುವುದು ಎಲೆಯ ಮೇಲಿನ ಮಾತು.

ರಾಜ್ಯೋತ್ಸವದ ಭಾಷಣಕ್ಕೆ ಉಪ್ಪೇ ಸಿಕ್ಕಿತೆ ಎಂದು ತಾವು ನಗಬಹುದು. ಆದರೆ ಉಪ್ಪು ಅಷ್ಟು ಹಗುರವಾದ ವಸ್ತುವಲ್ಲ. 1930ರ ಏಪ್ರಿಲಿನಲ್ಲಿ ಗಾಂಧೀಜಿಯವರು ದಂಡಿಯ ಕಡಲ ತಡಿಯಲ್ಲಿ ಹಿಡಿಯುಪ್ಪನ್ನು ಎತ್ತಿದಾಗ ದೇಶವೇ ಎದ್ದು ನಿಂತಿತು; ಅದೇ ತಿಂಗಳು ನಮ್ಮ ಅಂಕೋಲೆಯಲ್ಲಿಯೂ ಜನರು ಉಪ್ಪಿನ ಕಾಯಿದೆಯನ್ನು ಮುರಿದರು. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂದು ನಮ್ಮ ಗಾದೆ. ಉಪ್ಪಿಟ್ಟವರನ್ನು ಬದುಕಿರುವ ತನಕ ನೆನೆಯಬೇಕೆಂದು ತಮಿಳರೂ ಹೇಳುತ್ತಾರೆ. ಉತ್ತರದವರು ಕೃತಘ್ನನನ್ನು ಬೈಯುವಾಗ "ನಮಕ್ ಹರಾಮ್" ಎನ್ನುತ್ತಾರೆ. ಸಂಸ್ಕೃತದವರಂತೂ ಚೆಲುವಿಗೇ "ಲಾವಣ್ಯ" ಎಂದು ಹೆಸರಿಟ್ಟರು. ಆ ಮಾತು ಹುಟ್ಟಿದ್ದು ಲವಣದಿಂದ. ಹೀಗೆ ಉಪ್ಪಿನ ಹಿರಿಮೆಯ ವಿಷಯದಲ್ಲಿ ಎಲ್ಲರೂ ಒಂದೇ ಮಾತು. ಭಿನ್ನಾಭಿಪ್ರಾಯ ಬರುವುದು ಅದನ್ನು ಯಾರು ಹಾಕಬೇಕು, ಯಾವಾಗ ಹಾಕಬೇಕು ಎಂಬಲ್ಲಿ.

ಈ ಭಿನ್ನಾಭಿಪ್ರಾಯ ಊರಿನಲ್ಲಿ ನಮಗೆ ಕಾಣಿಸುವುದಿಲ್ಲ. ಅಲ್ಲಿ ಉಣ್ಣುವವರೂ ಬಡಿಸುವವರೂ ಒಂದೇ ರೂಢಿಯವರು. ಮುಂಬಯಿಯಂಥ ಊರಿನಲ್ಲಿ ಹಾಗಲ್ಲ. ಒಂದೇ ಕಟ್ಟಡದ ಒಂದು ಮಹಡಿಯಲ್ಲಿ ಮರಾಠಿಯವರು, ಎದುರು ಮನೆಯಲ್ಲಿ ಗುಜರಾತಿಯವರು, ಮೇಲೆ ಬಂಗಾಳಿಯವರು, ಕೆಳಗೆ ನಾವು. ಹಬ್ಬ ಬಂದರೆ ತಟ್ಟೆಗಳು ಹತ್ತಿ ಇಳಿಯುತ್ತವೆ. ಮಕ್ಕಳು ಬೆಳೆದು ಒಬ್ಬರ ಮನೆಯ ಹುಡುಗಿ ಇನ್ನೊಬ್ಬರ ಮನೆಯ ಸೊಸೆಯಾಗುವುದೂ ಇಂದು ಹೊಸ ಸಂಗತಿಯಲ್ಲ. ಇಂಥ ಕಡೆ ಒಂದು ಚಿಟಿಕೆ ಉಪ್ಪು, ಒಂದು ಹೋಳು ನಿಂಬೆ ದೊಡ್ಡ ಮನಸ್ತಾಪಕ್ಕೆ ಕಾರಣವಾಗಬಲ್ಲದು. ಕೇಳುವವನ ಮನಸ್ಸಿನಲ್ಲಿರುವುದು ಒಂದು. ಅಡಿಗೆ ಮಾಡಿದವಳ ಕಿವಿಗೆ ಬೀಳುವುದು ಇನ್ನೊಂದು. "ಒಂದಿಷ್ಟು ಉಪ್ಪು ಕೊಡಿ" ಎಂಬ ಮೂರು ಮಾತು ಒಂದು ಮನೆಯಲ್ಲಿ ಬರಿಯ ಕೋರಿಕೆ, ಇನ್ನೊಂದು ಮನೆಯಲ್ಲಿ ತೀರ್ಪು.

ಮೊದಲು ನಮ್ಮ ಎಲೆಯನ್ನೇ ನೋಡೋಣ. ಕುಡಿಬಾಳೆ ಎಲೆಯನ್ನು ಅದರ ತುದಿ ಉಣ್ಣುವವನ ಎಡಕ್ಕೆ ಬರುವಂತೆ ಹಾಸುತ್ತಾರೆ. ಆ ತುದಿಯ ಮೇಲ್ಭಾಗದಲ್ಲಿ ಉಪ್ಪು. ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯ ಎಂದು ಸಾಲು ಹೊರಡುತ್ತದೆ. ಬಡಿಸುವ ಕ್ರಮದಲ್ಲಿ ಸೀಮೆಯಿಂದ ಸೀಮೆಗೆ, ಮತದಿಂದ ಮತಕ್ಕೆ ವ್ಯತ್ಯಾಸವುಂಟು. ಕೆಲವರು ಉಪ್ಪನ್ನು ಬರಿಗೈಯಿಂದ ಬಡಿಸುವುದಿಲ್ಲ. ಕೈಯಿಂದ ಕೈಗೆ ಕೊಡುವುದಂತೂ ಇಲ್ಲವೇ ಇಲ್ಲ. ಆದರೆ ಆ ಮೂಲೆಯ ಚಿಟಿಕೆ ಉಪ್ಪು ಮಾತ್ರ ಮದುವೆಯ ಊಟದಿಂದ ಮನೆಯ ಹಬ್ಬದ ಊಟದವರೆಗೆ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ.

ಅಡಿಗೆಯಲ್ಲಿ ಉಪ್ಪು ಇದ್ದೇ ಇರುವಾಗ ಎಲೆಯ ಮೇಲೆ ಬೇರೆ ಏಕೆ? ನಮಗೆ ತೋರುವ ಕಾರಣಗಳು ಎರಡು. ಒಂದನೆಯದು ಎಂಜಲಿನ ವಿಚಾರ. ದೇವರಿಗೆ ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ ಎಂಬುದು ನಮ್ಮ ಮನೆಗಳ ಹಳೆಯ ಕಟ್ಟು. ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡುವುದು ಕೂಡ ಅಲ್ಲಿ ಸಲ್ಲದು. ಐವತ್ತು ಜನರ ಹುಳಿಗೆ ಉಪ್ಪೆಷ್ಟು ಎಂಬುದನ್ನು ನಮ್ಮ ಅಜ್ಜಿಯರು ಕಣ್ಣಿನಿಂದಲೂ, ಬೆರಳಿನ ಅಂದಾಜಿನಿಂದಲೂ, ಕುದಿಯುವಾಗ ಏಳುವ ವಾಸನೆಯಿಂದಲೂ ತಿಳಿಯುತ್ತಿದ್ದರು. ಇದು ಸಾಮಾನ್ಯ ವಿದ್ಯೆಯಲ್ಲ. ಆದರೂ ಅಂದಾಜು ಅಂದಾಜೇ. ಒಂದು ಕಲ್ಲು ಹೆಚ್ಚು ಕಡಿಮೆಯಾಗಬಹುದು. ಉಪ್ಪು ಹೆಚ್ಚಾದರೆ ತೆಗೆಯಲಾಗದು, ಕಡಿಮೆಯಾದರೆ ಸೇರಿಸಬಹುದು. ಆದ್ದರಿಂದ ಜಾಣೆಯರು ಒಂದು ಕಲ್ಲು ಕಡಿಮೆಯನ್ನೇ ಹಾಕಿ, ಉಳಿದ ಕೆಲಸವನ್ನು ಎಲೆಯ ತುದಿಗೆ ಬಿಟ್ಟರು.

ಎರಡನೆಯ ಕಾರಣವೂ ಮೊದಲನೆಯದಕ್ಕೆ ನಂಟಾದದ್ದೇ. ಉಣ್ಣುವ ಕೈ ಎಂಜಲು ಕೈ. ನಾಲ್ಕು ಜನರ ನಡುವೆ ಒಂದು ಉಪ್ಪಿನ ಬಟ್ಟಲನ್ನಿಟ್ಟು ಎಲ್ಲರೂ ಅದರಲ್ಲಿ ಕೈಯಿಡುವುದು ನಮಗೆ ಸರಿಬರದು. ಊಟದ ನಡುವೆ ಮಾತಾಡಬಾರದು, ಅದು ಬೇಕು ಇದು ಬೇಡ ಎನ್ನಬಾರದು ಎಂಬ ಮೌನದ ನಿಯಮವನ್ನು ಪಾಲಿಸುವ ಹಿರಿಯರೂ ಇದ್ದರು. ಬಾಯಿಬಿಟ್ಟು ಕೇಳದವನಿಗೆ, ಕೈನೀಡಿ ತೆಗೆದುಕೊಳ್ಳಲಾರದವನಿಗೆ, ಅವನವನ ಉಪ್ಪು ಅವನವನ ಎಲೆಯ ಮೇಲೆಯೇ ಇರಬೇಕಾಯಿತು. ಇದರ ಫಲವನ್ನು ಗಮನಿಸಿ. ನಮ್ಮಲ್ಲಿ ಉಪ್ಪು ಕಲಸಿಕೊಳ್ಳುವವನು ಯಾರ ಅಡಿಗೆಯನ್ನೂ ಹಳಿದಂತಾಗುವುದಿಲ್ಲ. ಅವನು ಕೇಳಲೇ ಇಲ್ಲ. ಕೇಳುವ ಮೊದಲೇ ಅದು ಬಂದು ಕುಳಿತಿತ್ತು. ಅತಿಥಿಯ ನಾಲಗೆಗೂ ಅಡಿಗೆಯವರ ಮಾನಕ್ಕೂ ಏಕಕಾಲದಲ್ಲಿ ಕಾವಲಾಗಿ ನಿಂತ ಏರ್ಪಾಡು ಇದು.

ಇದರಲ್ಲಿ ಒಂದು ನೋವೂ ಉಂಟು, ಅದನ್ನು ಮುಚ್ಚಿಡಬಾರದು. ಮನೆಯವರೆಲ್ಲ ತೆಪ್ಪಗೆ ಉಪ್ಪು ಕಲಸಿಕೊಂಡು ಉಂಡು ಎದ್ದುಹೋಗುತ್ತಾರೆ. ಕೊನೆಯ ಪಂಕ್ತಿಗೆ ತಾನೊಬ್ಬಳೇ ಎಲೆ ಹಾಕಿಕೊಂಡು ಕುಳಿತ ಮನೆಯಾಕೆಗೆ ಮೊದಲ ತುತ್ತಿನಲ್ಲಿ ತಿಳಿಯುತ್ತದೆ, ಸಾರಿಗೆ ಉಪ್ಪೇ ಬಿದ್ದಿರಲಿಲ್ಲವೆಂದು. ಎಲ್ಲರೂ ಸುಮ್ಮನಿದ್ದುದು ಮರ್ಯಾದೆಯಿಂದಲೊ, ತಾತ್ಸಾರದಿಂದಲೊ? ಆಕೆ ಯಾರನ್ನು ಕೇಳಬೇಕು? ಎಲೆಯ ಮೇಲಿನ ಉಪ್ಪು ಮಾತನ್ನು ಉಳಿಸುತ್ತದೆ ನಿಜ. ಆಡಬೇಕಾದ ಮಾತನ್ನೂ ಕೆಲವು ಸಲ ಉಳಿಸಿಬಿಡುತ್ತದೆ.

ಇನ್ನು ನಮ್ಮ ನಾಡಿನೊಳಗೇ ಎಷ್ಟು ಬಗೆ! 1956ರ ನವೆಂಬರ್ ಒಂದರಂದು ನಾಡು ಒಂದಾಯಿತು. ಎಲೆಗಳು ಒಂದಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿಯ ಸುತ್ತ ನೋಡಿರಿ: ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ, ಮೇಲೊಂದಿಷ್ಟು ಮೊಸರು ಇಲ್ಲವೆ ಎಣ್ಣೆ, ಕಚ್ಚಿಕೊಳ್ಳಲು ಉಳ್ಳಾಗಡ್ಡಿ. ರೊಟ್ಟಿಯಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. ರುಚಿಯ ಪೂರ್ಣ ಅಧಿಕಾರ ಉಣ್ಣುವವನದು. ಒಂದೊಂದು ತುತ್ತಿಗೂ ಅವನೇ ಬೇರೆ ಬೇರೆ ಜೋಡಿಯನ್ನು ಕೂಡಿಸಿಕೊಳ್ಳುತ್ತಾನೆ. ಮೈಸೂರಿನ ಕಡೆ ಹಾಗಲ್ಲ. ಅಲ್ಲಿ ಹುಳಿ, ಸಾರು, ಗೊಜ್ಜುಗಳಲ್ಲಿ ಉಪ್ಪು ಹುಳಿ ಖಾರ ಬೆಲ್ಲಗಳನ್ನು ಅಡಿಗೆಯವರೇ ಹದವರಿತು ಸೇರಿಸಿರುತ್ತಾರೆ. ಉಣ್ಣುವವನ ಪಾಲಿಗೆ ಉಳಿಯುವುದು ಬಿಸಿಯನ್ನಕ್ಕೆ ಚಟ್ನಿಪುಡಿ ತುಪ್ಪ, ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ. ಮಲೆನಾಡಿನವರಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ ಇದ್ದರೆ ಬೇರೆ ಯಾವ ಅಧಿಕಾರವೂ ಬೇಡ. ಧಾರವಾಡದ ಸೊಸೆ ಮೈಸೂರಿನ ಅತ್ತೆಯ ಹುಳಿಗೆ ಕೆಂಪು ಖಾರವನ್ನು ಬೆರೆಸಿಕೊಂಡಾಗ ಅತ್ತೆಗೆ ಆಗುವ ಸಂಕಟಕ್ಕೆ ಬೇರೆ ರಾಜ್ಯವೇ ಬೇಕೆಂದಿಲ್ಲ.

ಅಡಿಗೆಯನ್ನು ನಮ್ಮವರು ಬಹು ಕಾಲದಿಂದ ಒಂದು ವಿದ್ಯೆಯಾಗಿಯೇ ಕಂಡವರು. ಹನ್ನೊಂದನೆಯ ಶತಮಾನದ ಚಾವುಂಡರಾಯನ "ಲೋಕೋಪಕಾರ"ದಲ್ಲಿ ಪಾಕಕ್ಕೆ ಒಂದು ಅಧ್ಯಾಯವಿದೆ. ಮೂರನೆಯ ಮಂಗರಸನು "ಸೂಪಶಾಸ್ತ್ರ"ವೆಂಬ ಗ್ರಂಥವನ್ನೇ ಬರೆದನು. ಇಂಥ ಹೆಮ್ಮೆಯಿರುವ ಮನೆಯ ಅಡಿಗೆಗೆ ನೆಂಟರು ಬಂದು ಒಂದು ಹನಿ ಬೆರೆಸಿದರೂ ಮನಸ್ಸಿಗೆ ಚುರುಕ್ಕೆನ್ನುವುದು ಸಹಜವೇ. ಆದ್ದರಿಂದಲೇ ನೆರೆಯವರ ರೂಢಿಯನ್ನು ಅರಿಯುವುದು ಅವಶ್ಯ.

ಮರಾಠಿ ಮನೆಯ ಪಂಕ್ತಿಯಲ್ಲಿ ತಟ್ಟೆಗೆ ಒಂದು ಭೂಗೋಳವೇ ಉಂಟು. ಮೇಲೆ ನಡುವೆ ಉಪ್ಪು, ಅದರ ಪಕ್ಕದಲ್ಲಿ ನಿಂಬೆಯ ಹೋಳು. ಎಡಗಡೆ ಚಟ್ನಿ, ಕೋಶಿಂಬೀರ್, ಲೋಣಚೆ ಎಂಬ ಉಪ್ಪಿನಕಾಯಿ. ಬಲಗಡೆ ಪಲ್ಯಗಳು. ಎಡಗಡೆಯದು ನಂಜಿಕೊಳ್ಳುವುದಕ್ಕೆ, ಬಲಗಡೆಯದು ಹೊಟ್ಟೆತುಂಬ ಉಣ್ಣುವುದಕ್ಕೆ. ಅನ್ನದ ಮೇಲೆ ಸಪ್ಪೆಯಾದ ವರಣ್, ಅದರ ಮೇಲೆ ತುಪ್ಪ. ನಿಂಬೆ ಹಿಂಡಿಕೊಂಡಾಗಲೇ ಆ ವರಣ್ ಅನ್ನ ಪೂರ್ತಿಯಾಗುತ್ತದೆ. ಹಿಂಡದೆ ಉಂಡವನೇ ಅಲ್ಲಿ ತಪ್ಪಿದವನು. ಇಂಥ ಮನೆಯಿಂದ ಬಂದ ಗೆಳೆಯನೊಬ್ಬ ನಮ್ಮ ಮನೆಯ ತೊವ್ವೆಯನ್ನು ಕಂಡೊಡನೆ "ನಿಂಬೆ ಇದೆಯೆ?" ಎಂದರೆ ಅವನು ದೂರುತ್ತಿಲ್ಲ, ತನ್ನ ಮನೆಯಲ್ಲಿ ಕಲಿತ ಕೆಲಸವನ್ನು ಮಾಡುತ್ತಿದ್ದಾನೆ, ಅಷ್ಟೆ.

ಮರಾಠಿಯಲ್ಲಿ ಉಪ್ಪಿಗೆ "ಮೀಠ್" ಎನ್ನುತ್ತಾರೆ, ಗುಜರಾತಿಯಲ್ಲಿ "ಮೀಠುಂ". ಹಿಂದಿಯಲ್ಲಿ "ಮೀಠಾ" ಎಂದರೆ ಸಿಹಿ. ಊರಿನಿಂದ ಹೊಸದಾಗಿ ಬಂದವರು ಇದರಿಂದ ಬೆಪ್ಪಾಗುವುದುಂಟು. ಆದರೆ ಈ ಮಾತುಗಳೆಲ್ಲ ಒಂದೇ ತಾಯಿಯ ಮಕ್ಕಳು. ಸಂಸ್ಕೃತದ "ಮೃಷ್ಟ", ಅಂದರೆ ರುಚಿಯಾದದ್ದು, ಅವುಗಳ ಮೂಲ. ನಾವು ಮೃಷ್ಟಾನ್ನ ಭೋಜನವೆನ್ನುವಾಗ ಬರುವುದೂ ಅದೇ ಮಾತು. ರುಚಿಯೆಂದರೆ ಸಿಹಿಯೆಂದು ಒಬ್ಬರು ತಿಳಿದರು, ಉಪ್ಪೆಂದು ಇನ್ನೊಬ್ಬರು ತಿಳಿದರು, ಇಬ್ಬರೂ ತಪ್ಪಿಲ್ಲ. ಗುಜರಾತಿಯವರ ದಾಲಿನಲ್ಲಿ ಬೆಲ್ಲವಿರುತ್ತದೆ. ಮೊದಲ ಸಲ ಉಂಡ ನಮ್ಮವರು "ಇದೇನು ಸಾರೊ ಪಾಯಸವೊ" ಎಂದುಕೊಂಡು ಉಪ್ಪಿಗೆ ಕೈಚಾಚುತ್ತಾರೆ. ಸ್ವಲ್ಪ ತಾಳಬೇಕು. ಅದರ ಜೊತೆಗೆ ಹುರಿದ ಮೆಣಸಿನಕಾಯಿ, ಉಪ್ಪಿನಕಾಯಿ, ಹಪ್ಪಳ ಬಂದಿರುತ್ತವೆ. ಆ ಸಿಹಿಗೆ ಜವಾಬು ತಟ್ಟೆಯ ಆ ಬದಿಯಲ್ಲಿದೆ.

ಬಂಗಾಳಿಯವರ ತಟ್ಟೆಯ ಅಂಚಿನಲ್ಲಿ ಉಪ್ಪು, ನಿಂಬೆಹೋಳು, ಒಂದು ಹಸಿಮೆಣಸಿನಕಾಯಿ. ಅವರ ಊಟ ಕಹಿಯಿಂದ ಮೊದಲಾಗಿ ಸಿಹಿಯಲ್ಲಿ ಮುಗಿಯುತ್ತದೆ. ಒಂದೊಂದು ಪದಾರ್ಥಕ್ಕೂ ಒಂದಿಷ್ಟು ಅನ್ನ ಬೇರೆಯಾಗಿ. ಮೆಣಸಿನಕಾಯಿಯನ್ನು ಅನ್ನದಲ್ಲಿ ಹಿಸುಕಿಕೊಂಡು ಖಾರವನ್ನು ತಮಗೆ ತಾವೇ ಅಳೆದುಕೊಳ್ಳುತ್ತಾರೆ. ಮಕ್ಕಳಿಂದ ಮುದುಕರವರೆಗೆ ಒಂದೇ ಪಾತ್ರೆಯ ಅಡಿಗೆ, ಖಾರ ಮಾತ್ರ ಅವರವರ ಇಷ್ಟ. ಆಂಧ್ರದವರು ಬಿಸಿಯನ್ನದ ಮೊದಲ ತುತ್ತುಗಳನ್ನು ಪುಡಿಗೊ ಆವಕಾಯಿಗೊ ತುಪ್ಪದೊಡನೆ ಮೀಸಲಿಡುತ್ತಾರೆ. ನಮ್ಮಲ್ಲಿ ಉಪ್ಪಿನಕಾಯಿ ಪಕ್ಕವಾದ್ಯ. ಅವರಲ್ಲಿ ಆವಕಾಯಿಯೇ ಮೊದಲ ಹಾಡು. ತಮಿಳರ ಎಲೆ ನಮ್ಮದಕ್ಕೆ ತೀರ ಹತ್ತಿರ. ಉಪ್ಪಿನ ಜಾಗವೂ ಹೆಚ್ಚುಕಡಿಮೆ ಒಂದೇ.

ಇವೆಲ್ಲದರ ನಡುವೆ ನಮ್ಮ ಉಡುಪಿಯವರು ಈ ಊರಿನಲ್ಲಿ ಮಾಡಿದ ಕೆಲಸವನ್ನು ನೆನೆಯದಿರುವಂತಿಲ್ಲ. ಮಾಟುಂಗದಲ್ಲಿ ಎ. ರಾಮಾ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಎಲ್ಲ ಭಾಷೆಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದುವು. ಹತ್ತು ಸೀಮೆಯ ನಾಲಗೆಗೆ ಒಂದೇ ಹಂಡೆಯ ಸಾಂಬಾರು ಒಪ್ಪಬೇಕಾದರೆ ಅಡಿಗೆ ಯಾವ ಕಡೆಗೂ ಅತಿಯಾಗಿ ವಾಲಬಾರದು. ಉಳಿದುದನ್ನು ಚಟ್ನಿ, ಉಪ್ಪಿನಕಾಯಿ, ಪುಡಿಗಳು ನೋಡಿಕೊಳ್ಳುತ್ತವೆ. ಈ ಊರಿನ ಹೊಟೇಲುಗಳ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ತಾವು ನೋಡಿಯೇ ಇರುತ್ತೀರಿ; ಒಳಗೆ ನಾಲ್ಕು ಅಕ್ಕಿ ಕಾಳು. ಮಳೆಗಾಲದ ತೇವಕ್ಕೆ ಉಪ್ಪು ಗಂಟುಕಟ್ಟದಿರಲೆಂದು ಮಾಡಿದ ಉಪಾಯ. ತೂತಿನ ಡಬ್ಬಿಯಿಂದ ಉಪ್ಪನ್ನು ಉದುರಿಸುವ ಪದ್ಧತಿಗೆ ಉಪ್ಪು ಪುಡಿಪುಡಿಯಾಗಿ ಬೀಳಬೇಕಲ್ಲ. ಅಮೆರಿಕದ ಮಾರ್ಟನ್ ಕಂಪನಿ ಅದಕ್ಕಾಗಿ 1911ರಲ್ಲಿ ಉಪ್ಪಿಗೆ ಮೆಗ್ನೀಸಿಯಂ ಕಾರ್ಬೊನೇಟನ್ನು ಬೆರೆಸತೊಡಗಿತು. ನಮ್ಮವರು ಅಕ್ಕಿ ಕಾಳಿನಲ್ಲಿಯೇ ಆ ಕೆಲಸವನ್ನು ಸಾಧಿಸಿಕೊಂಡರು.

ಡಬ್ಬಿಯ ಮಾತು ಬಂದುದರಿಂದ ಪಶ್ಚಿಮದ ಕಡೆಗೂ ಒಮ್ಮೆ ನೋಡೋಣ. ನಮ್ಮ ಮಕ್ಕಳು ಇಂದು ಆ ದೇಶಗಳಲ್ಲಿ ಉದ್ಯೋಗಕ್ಕೆ ಹೋಗಿ ಅಲ್ಲಿಯ ಮೇಜುಗಳಿಗೆ ಕೂರುತ್ತಿದ್ದಾರೆ, ತಿಳಿದಿರುವುದು ಒಳ್ಳೆಯದು. ಮಧ್ಯಯುಗದ ಇಂಗ್ಲೆಂಡಿನ ಪ್ರಭುಗಳ ಔತಣದಲ್ಲಿ ದೊಡ್ಡದೊಂದು ಉಪ್ಪಿನ ಪಾತ್ರೆ ಮೇಜಿನ ಮೇಲಿರುತ್ತಿತ್ತು. ಅದರಿಂದ ಮೇಲುಗಡೆ ಕೂರುವವರು ಗಣ್ಯರು, ಕೆಳಗಡೆ ಕೂರುವವರು ಸಾಮಾನ್ಯರು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸನಿಗಾಗಿ ಇಟಲಿಯ ಶಿಲ್ಪಿ ಚೆಲ್ಲೀನಿ 1543ರಲ್ಲಿ ಮುಗಿಸಿಕೊಟ್ಟ ಚಿನ್ನದ ಉಪ್ಪಿನ ಪಾತ್ರೆ ಇಂದಿಗೂ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕಡಲ ದೇವನೂ ಭೂದೇವಿಯೂ ಎದುರುಬದುರಾಗಿ ಕುಳಿತಿದ್ದಾರೆ; ಅವನ ಬಳಿ ಉಪ್ಪಿಗೆ ಪುಟ್ಟ ದೋಣಿ, ಅವಳ ಬಳಿ ಕರಿಮೆಣಸಿಗೆ ಪುಟ್ಟ ಗುಡಿ. 2003ರಲ್ಲಿ ಅದು ಕಳವಾಗಿ 2006ರಲ್ಲಿ ಮರಳಿ ಸಿಕ್ಕಿತು. ಅಲ್ಲಿ ಉಪ್ಪು ದೊರೆಯ ಐಶ್ವರ್ಯದ ಗುರುತಾಗಿತ್ತು. ನಮ್ಮ ಪಂಕ್ತಿಗಳಲ್ಲಿ ಬೇರೆ ಮೇಲು ಕೀಳುಗಳು ಇದ್ದುವು, ಬೇಕಾದಷ್ಟು ಇದ್ದುವು. ಅದನ್ನು ಮರೆತು ಜಂಬ ಪಡಬಾರದು. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಉಪ್ಪಿನಲ್ಲಿ ಭೇದವಿರಲಿಲ್ಲ.

ಪಶ್ಚಿಮದ ಬಾಣಸಿಗನು ಹೆಜ್ಜೆಹೆಜ್ಜೆಗೂ ರುಚಿ ನೋಡುತ್ತಾನೆ. ರುಚಿ ನೋಡದೆ ಬಡಿಸುವುದು ಅಲ್ಲಿ ಅಪರಾಧ. ನಮ್ಮಲ್ಲಿ ನೋಡಿ ಬಡಿಸುವುದು ಅಪಚಾರ. ಈ ಒಂದು ವ್ಯತ್ಯಾಸದಿಂದ ಉಳಿದುದೆಲ್ಲ ಹುಟ್ಟುತ್ತದೆ ಎಂದು ನಮಗೆ ತೋರುತ್ತದೆ. ನಾಲಗೆಯಿಂದ ಹತ್ತು ಸಲ ಪರೀಕ್ಷಿಸಿ ಕಳುಹಿಸಿದ ಪದಾರ್ಥಕ್ಕೆ, ಒಂದು ತುತ್ತನ್ನೂ ತಿನ್ನದೆ ಉಪ್ಪು ಉದುರಿಸುವವನನ್ನು ಕಂಡರೆ ಆ ಬಾಣಸಿಗನಿಗೆ ಕೋಪ ಬರುವುದು ನ್ಯಾಯವಲ್ಲವೆ? ಮೇಜಿನ ಮೇಲೆ ಉಪ್ಪು ಮೆಣಸು ಇದ್ದರೂ ಮೊದಲು ರುಚಿ ನೋಡು, ಆಮೇಲೆ ಕೈಚಾಚು ಎಂಬುದು ಅವರ ಮರ್ಯಾದೆ. ಇಟಲಿಯವರು ತಮ್ಮ ಶಾವಿಗೆಯಂಥ ಪಾಸ್ತಾದ ಮೇಲೆ ತಾವೇ ಗಿಣ್ಣನ್ನು ತುರಿದು ಹಾಕಿಕೊಡುತ್ತಾರೆ. ಮೀನಿನ ಪಾಸ್ತಾಕ್ಕೆ ಅದನ್ನೇ ಕೇಳಿದರೆ ಮುಖ ಹುಳ್ಳಗೆ ಮಾಡುತ್ತಾರೆ.

ಪೂರ್ವಕ್ಕೆ ಹೋದರೆ ಮತ್ತೆ ಬೇರೆ. ಜಪಾನಿನವರು ಹಸಿಮೀನಿಗೆ ಪುಟ್ಟ ಬಟ್ಟಲಿನಲ್ಲಿ ಸೋಯಾ ರಸವನ್ನು ಇಟ್ಟುಕೊಳ್ಳುತ್ತಾರೆ. ಆದರೆ ಬಿಳಿಯನ್ನದ ಮೇಲೆ ಅದನ್ನು ಸುರಿದುಕೊಳ್ಳುವುದನ್ನು ಒಳ್ಳೆಯ ನಡತೆಯೆಂದು ಎಣಿಸುವುದಿಲ್ಲ. ಅನ್ನಕ್ಕೆ ಏನನ್ನಾದರೂ ಕಲಸದೆ ಉಣ್ಣಲಾರದ ನಮಗೆ ಇದು ವಿಚಿತ್ರವೆನಿಸಬಹುದು. ಅವರಿಗೆ ಅನ್ನವೇ ಒಂದು ರುಚಿ. ಕೊರಿಯಾದಲ್ಲಿ ಸೊಲ್ಲೊಂಗ್‌ತಾಂಗ್ ಎಂಬ, ಎತ್ತಿನ ಮೂಳೆಯನ್ನು ಬಹು ಹೊತ್ತು ಕುದಿಸಿ ಮಾಡಿದ ಹಾಲಿನ ಬಣ್ಣದ ಸಾರು ಉಂಟು. ಅದನ್ನು ಉಪ್ಪಿಲ್ಲದೆಯೇ ತಂದಿಡುತ್ತಾರೆ. ಮೇಜಿನ ಮೇಲೆ ಉಪ್ಪು, ಹೆಚ್ಚಿದ ಈರುಳ್ಳಿ ಸೊಪ್ಪು. ಹಾಕಿಕೊಳ್ಳುವುದು ಉಣ್ಣುವವನ ಕೆಲಸ. ತಿಳಿಯದ ಪರಸ್ಥಳದವನು ಹಾಗೆಯೇ ಕುಡಿದು "ಸಪ್ಪೆ" ಎಂದರೆ ತಪ್ಪು ಅವನದು. ಥಾಯ್ಲೆಂಡಿನ ಶಾವಿಗೆಯಂಗಡಿಗಳಲ್ಲಿ ಪ್ರತಿಯೊಂದು ಮೇಜಿನ ಮೇಲೂ ನಾಲ್ಕು ಬಟ್ಟಲುಗಳ ಒಂದು ಜೋಡಣೆ: ಮೆಣಸಿನಕಾಯಿ ಹಾಕಿದ ಮೀನಿನ ರಸ, ಮೆಣಸಿನಕಾಯಿ ಹಾಕಿದ ವಿನಿಗರ್, ಒಣಮೆಣಸಿನ ಪುಡಿ, ನಾಲ್ಕನೆಯದು ಸಕ್ಕರೆ. ಉಪ್ಪು, ಹುಳಿ, ಖಾರ, ಸಿಹಿ ನಾಲ್ಕನ್ನೂ ಉಣ್ಣುವವನ ಕೈಗೆ ಕೊಟ್ಟುಬಿಟ್ಟಿದ್ದಾರೆ. ಅಲ್ಲಿ ಏನನ್ನೂ ಬೆರೆಸದೆ ತಿನ್ನುವುದೇ ಅಪರೂಪ.

ಈ ಸುತ್ತಾಟದಿಂದ ನಮಗೆ ಕಾಣುವುದಿಷ್ಟು. ಲೋಕದ ಊಟಗಳಲ್ಲಿ ಮೂರು ಬಗೆ. ಅಡಿಗೆಯವನೇ ರುಚಿಯನ್ನು ಮುಗಿಸಿ ಕಳುಹಿಸುವುದು ಒಂದು. ಅರ್ಧವನ್ನು ಬೇಕೆಂದೇ ಉಳಿಸಿ ಉಣ್ಣುವವನಿಗೆ ಒಪ್ಪಿಸುವುದು ಇನ್ನೊಂದು. ಕೊರಿಯಾದ ಸಾರು, ಧಾರವಾಡದ ರೊಟ್ಟಿ, ಮರಾಠಿಯವರ ವರಣ್ ಈ ಜಾತಿಯವು. ಅಡಿಗೆಯವರು ಮುಗಿಸಿಯೂ, ಕೇಳುವ ಮೊದಲೇ ಒಂದು ಚಿಟಿಕೆಯನ್ನು ಬದಿಗಿಟ್ಟು "ಬೇಕಾದರೆ ಇದೆ" ಎನ್ನುವುದು ಮೂರನೆಯದು. ನಮ್ಮ ಹಬ್ಬದ ಎಲೆ ಈ ಬಗೆಯದು. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಒಂದು ಬಗೆಯ ಮನೆಯಲ್ಲಿ ಕುಳಿತು ಇನ್ನೊಂದು ಬಗೆಯ ವ್ಯಾಕರಣದಿಂದ ಅರ್ಥಮಾಡಿದಾಗ ಮಾತ್ರ ಅನರ್ಥ. ಭಾಷೆಯ ವಿಷಯದಲ್ಲಿ ನಾವು ಈ ಎಚ್ಚರವನ್ನು ಕಲಿತಿದ್ದೇವೆ. ಮರಾಠಿಯವನು ಆಡಿದ ಮಾತಿಗೆ ಕನ್ನಡದ ಅರ್ಥವನ್ನು ಹಚ್ಚಿ ಜಗಳಕ್ಕೆ ನಿಲ್ಲುವುದಿಲ್ಲ. ತಟ್ಟೆಯ ವಿಷಯದಲ್ಲಿಯೂ ಅದೇ ಎಚ್ಚರ ಬೇಕು.

ಆದುದರಿಂದ ನಮ್ಮ ಗೃಹಿಣಿಯರಲ್ಲಿಯೂ, ಈಗ ಅಡಿಗೆಮನೆ ಹೊಕ್ಕಿರುವ ಗಂಡಸರಲ್ಲಿಯೂ ಒಂದು ಬಿನ್ನಹ. ಪರಭಾಷೆಯ ನೆಂಟರು ಬಂದಾಗ ನಿಂಬೆ, ಹಸಿಮೆಣಸಿನಕಾಯಿ, ಉಪ್ಪುಗಳನ್ನು ಕೇಳುವ ಮೊದಲೇ ಇಟ್ಟುಬಿಡಿ. ಅವರು ಬೆರೆಸಿಕೊಂಡರೆ "ನಮ್ಮ ಹುಳಿಯಲ್ಲಿ ಏನು ಕೊರತೆ?" ಎಂದು ನೊಂದುಕೊಳ್ಳಬೇಡಿ. ಅವರು ನಿಮ್ಮ ಅಡಿಗೆಯನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತಿದ್ದಾರೆ. ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾವುದು? ನಾವು ಅತಿಥಿಗಳಾಗಿ ಹೋದಾಗ ಮೊದಲ ತುತ್ತನ್ನು ಅವರು ಕೊಟ್ಟಂತೆಯೇ ಉಣ್ಣೋಣ. ಅಡಿಗೆಯವರು ಏನು ಹೇಳಹೊರಟಿದ್ದಾರೆಂದು ನಾಲಗೆಯಿಂದ ಕೇಳಿ, ಅನಂತರ ಕೈಚಾಚೋಣ. ಬೇರೆ ಭಾಷೆಯ ಮನೆಯಿಂದ ಸೊಸೆಯೊ ಅಳಿಯನೊ ಬಂದಿದ್ದರೆ, ಅವರ ಬದಿಯ ಒಂದು ಚಟ್ನಿಗೆ ನಮ್ಮ ಎಲೆಯ ಮೇಲೆ ಜಾಗವಿರಲಿ. ಎಲೆ ಸಾಕಷ್ಟು ಅಗಲವಾಗಿದೆ. ಸ್ವಂತ ಮನೆಯಲ್ಲಿ ಸಾರಿಗೆ ಉಪ್ಪು ಬೀಳದಿದ್ದರೆ, ಮನೆಯಾಕೆ ಉಣ್ಣಲು ಕೂರುವ ಮೊದಲು ಯಾರಾದರೊಬ್ಬರು ಅಡಿಗೆಮನೆಗೆ ಹೋಗಿ ಮೆಲ್ಲನೆ ಹೇಳಿರಿ. ಹೇಳುವುದು ಅವಮಾನವಲ್ಲ; ಆಕೆ ಒಬ್ಬಳೇ ಕುಳಿತು ಅದನ್ನು ಕಂಡುಕೊಳ್ಳುವಂತೆ ಮಾಡುವುದು ಅವಮಾನ.

ಇನ್ನೊಂದು ಮಾತನ್ನು ವೈದ್ಯರ ಪರವಾಗಿ ಹೇಳಬೇಕಾಗಿದೆ. ರಕ್ತದೊತ್ತಡವಿಲ್ಲದ ಮನೆ ಈಗ ವಿರಳ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳಗಳ ಲೆಕ್ಕ ಹಾಕಿದರೆ ಆ ಚಮಚ ಬೆಳಗಿನ ತಿಂಡಿ, ಮಧ್ಯಾಹ್ನದ ಊಟಗಳಿಗೇ ಬರಿದಾದೀತು. ಮನೆಯಲ್ಲಿ ಒಬ್ಬರಿಗೆ ಉಪ್ಪು ಬೇಡವಾದಾಗ ಅವರಿಗೊಂದು ಬೇರೆ ಪಾತ್ರೆ ಇಡುವುದು ವಾಡಿಕೆಯಾಗಿದೆ. ಮನೆಯ ಹಿರಿಯರು ತಮ್ಮ ಮನೆಯಲ್ಲಿಯೇ ಪ್ರತ್ಯೇಕರಾದಂತೆ ಆ ಬೇರೆ ಪಾತ್ರೆಯ ಸಪ್ಪೆ ಸಾರನ್ನು ಉಣ್ಣುತ್ತಾರೆ. ಇದಕ್ಕೆ ನಮ್ಮ ಹಳೆಯ ಎಲೆಯಲ್ಲಿಯೇ ಪರಿಹಾರವಿದೆ. ಅಡಿಗೆಯೆಲ್ಲವನ್ನೂ ಅವರ ಅಳತೆಗೆ, ಉಪ್ಪು ಕಡಿಮೆ ಮಾಡಿಯೇ ಇಳಿಸಿ. ಬೇಕಾದವರು ಎಲೆಯ ತುದಿಯಿಂದ ಬೆರಳಿನಲ್ಲಿ ತೆಗೆದುಕೊಳ್ಳಲಿ. ಮೇಲಿಂದ ಹಾಕಿದ ಉಪ್ಪು ನಾಲಗೆಗೆ ನೇರವಾಗಿ ತಾಕುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಹಿರಿಯರ ಎಲೆಗೆ ಉಪ್ಪಿನ ಬದಲು ಒಂದು ಹೋಳು ನಿಂಬೆ. ಹೀಗಾದರೆ ಎಲ್ಲರೂ ಒಂದೇ ಪಾತ್ರೆಯ ಸಾರನ್ನು ಉಂಡಂತಾಗುತ್ತದೆ; ಒಂದೇ ಮನೆಯವರಾಗಿ ಉಳಿದಂತೆಯೂ ಆಗುತ್ತದೆ.

ಹೊರನಾಡಿನಲ್ಲಿರುವ ನಾವು ನಮ್ಮತನವನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಪ್ರತಿವರ್ಷವೂ ಇಲ್ಲಿ ಚರ್ಚಿಸುತ್ತೇವೆ. ದೊಡ್ಡ ದೊಡ್ಡ ಉಪಾಯಗಳು ಇರಲಿ. ಅವುಗಳ ಜೊತೆಗೆ ಈ ಸಣ್ಣದೂ ಇರಲಿ: ಇನ್ನೊಬ್ಬನ ನಾಲಗೆ ನಮ್ಮದಕ್ಕಿಂತ ಬೇರೆಯಾಗಿರಬಹುದೆಂದು ಮೊದಲೇ ಯೋಚಿಸಿ, ಅವನು ಕೇಳುವ ಮೊದಲೇ ಒಂದು ಚಿಟಿಕೆಯನ್ನು ಅವನ ಬಳಿ ಇಡುವುದು. ಅದು ನಮ್ಮ ಹಿರಿಯರು ಎಲೆಯ ಮೇಲೆ ಬರೆದಿಟ್ಟ ಕನ್ನಡ. ಅದನ್ನು ಓದಲು ಅಕ್ಷರ ಬರಬೇಕಾಗಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳೂ ಓದಬಲ್ಲರು.

 ಮಾತಿನಲ್ಲಿ ಉಪ್ಪು ಹೆಚ್ಚಾಗಿದ್ದರೆ ಕ್ಷಮಿಸಿರಿ. ಕಡಿಮೆಯಾಗಿದ್ದರೆ ತಾವೇ ಬೆರೆಸಿಕೊಳ್ಳಿರಿ.